ಹತ್ತು ಲಕ್ಷಕ್ಕ ಸಿಗೋ ಐವತ್ತು ಲಕ್ಷದ ಗಾಡಿ: ಕಲಬುರಗಿಯೊಳಗ ಸಾಕಿದವರು ಹೇಳಿದ್ದು

ಕೇಳಿದವರು, ಜೇವರ್ಗಿ ರಸ್ತೆ, ಕಲಬುರಗಿ

ನಮಸ್ಕಾರ್ರಿ. ಹೈದರಾಬಾದ್‌ದಾಗ ಒಂದು ಜರ್ಮನ್ ಡೀಸೆಲ್ ಸೆಡಾನ್ ನೋಡೀನಿ. 2014ರ ಗಾಡಿ, ಮೀಟರ್ 92,000 ತೋರಸ್ತದ, ಒಬ್ಬರೇ ಮಾಲೀಕರು. ಹೊಸದಿದ್ದಾಗ 50 ಲಕ್ಷದ ಮ್ಯಾಲಿತ್ತು, ಈಗ ಒಂಬತ್ತೂವರೆ ಕೇಳ್ತಾರ. ಈ ಸಲ ತೊಗರಿ ರೊಕ್ಕ ಕೈಯಾಗ ಅದ. ಅಪ್ಪಾರು ‘ಅಷ್ಟರಾಗ ಹೊಸಾದು ಸಣ್ಣ ಗಾಡಿ ಬರ್ತದ, ಸುಮ್ನ ಅದು ತಗೋ’ ಅಂತಾರ. ಇಂಥಾ ಗಾಡಿ ಹೈದರಾಬಾದ್, ಬೆಂಗಳೂರಿನಾಗ ಅಲ್ಲ, ಇಲ್ಲೇ ನಮ್ಮ ಕಡೆ ಇಟ್ಟುಕೊಂಡವರು ಯಾರರ ಇದ್ರ, ವರ್ಷಕ್ಕ ಎಷ್ಟು ತಿಂತದ, ಏನೇನು ಕೆಡ್ತದ, ಖರೇ ಹೇಳ್ರಿ.

ಸೇಡಂ ರಸ್ತೆ, ಆರು ವರ್ಷದಿಂದ ಇಟ್ಟುಕೊಂಡವರು

ನನ್ನ ಕಡೆ ಇರೋದೂ ಅದೇ ಜಾತಿಯದು, 2012ರ ಗಾಡಿ. 2019ರಲ್ಲಿ 11 ಲಕ್ಷಕ್ಕೆ ತಗೊಂಡೆ. ಡೀಸೆಲ್, ಇನ್ಶೂರೆನ್ಸ್ ಬಿಟ್ಟು ಈ ಆರು ವರ್ಷದಲ್ಲಿ 6 ಲಕ್ಷ 80 ಸಾವಿರ ಸುರಿದಿದ್ದೇನೆ. ಇದರ ಸರಾಸರಿ ತೆಗೆದು ‘ವರ್ಷಕ್ಕೆ ಲಕ್ಷ ಚಿಲ್ಲರೆ’ ಅಂತ ಲೆಕ್ಕ ಹಾಕಿದರೆ ನೀವು ಮೋಸ ಹೋಗ್ತೀರಿ. ಒಂದು ವರ್ಷ ಬರೀ 31 ಸಾವಿರದಲ್ಲಿ ಮುಗಿದಿದೆ, ಇನ್ನೊಂದು ವರ್ಷ 2 ಲಕ್ಷ 60 ಸಾವಿರ ಎಳೆದಿದೆ. ಅಂಥ ವರ್ಷ ನೀವು ಗಾಡಿ ತಂದ ಮೂರನೇ ತಿಂಗಳಿಗೇ ಶುರುವಾಗಬಹುದು. ಗಾಡಿಯ ರೇಟು ಐದರಲ್ಲಿ ಒಂದು ಪಾಲಿಗೆ ಇಳಿದಿದೆ, ಸಾಮಾನಿನ ರೇಟು ಇನ್ನೂ 50 ಲಕ್ಷದ ಗಾಡಿಯದೇ ಅದ.

ನನಗೆ ಹೆಚ್ಚು ಬಡಿದಿದ್ದು ಏರ್ ಸಸ್ಪೆನ್ಷನ್. ಸ್ಪ್ರಿಂಗ್ ಇರುವ ಜಾಗದಲ್ಲಿ ಗಾಳಿ ತುಂಬಿದ ರಬ್ಬರ್ ಚೀಲ ಇರುತ್ತದೆ, ವಯಸ್ಸಾದಂತೆ ಅದು ಮಡಿಕೆಯಲ್ಲಿ ಬಿರುಕು ಬಿಡುತ್ತದೆ. 42 ಡಿಗ್ರಿ ದಾಟುವ ನಮ್ಮ ಬೇಸಿಗೆ ರಬ್ಬರಿಗೆ ಒಳ್ಳೆಯದಲ್ಲ ಅಂತ ಬೇರೆ ಹೇಳಬೇಕಿಲ್ಲ. ಮುಂಜಾನೆ ನೋಡಿದರೆ ಹಿಂದಿನ ಎಡಗಡೆ ಮಲಗಿದ ಎಮ್ಮೆಯ ಹಾಗೆ ಕುಂತಿರುತ್ತಿತ್ತು. ಸ್ಟಾರ್ಟ್ ಮಾಡಿದರೆ ಎರಡು ನಿಮಿಷಕ್ಕೆ ಎದ್ದು ನಿಲ್ಲುತ್ತಿತ್ತು. ‘ಏಳ್ತದಲ್ಲ, ಇರಲಿ’ ಅಂತ ನಾಲ್ಕು ತಿಂಗಳು ಕಳೆದೆ. ಸೋರುವ ಚೀಲಕ್ಕೆ ಗಾಳಿ ಒತ್ತಿ ಒತ್ತಿ ಕಂಪ್ರೆಸರ್ ಸುಟ್ಟುಹೋಯಿತು. ಹೊರಗಿನ ಕಂಪನಿಯ ಚೀಲಕ್ಕೆ 38 ಸಾವಿರ, ಕಂಪ್ರೆಸರಿಗೆ 62 ಸಾವಿರ. ಆ 62 ನನ್ನ ಆಲಸ್ಯದ ದಂಡ. ಮೇಲಿಂದ 220 ಕಿ.ಮೀ. ದೂರದ ಹೈದರಾಬಾದಿಗೆ ಗಾಡಿ ಹೊತ್ತುಕೊಂಡು ಹೋಗಲು 14 ಸಾವಿರ. ಹೌದು, ಹೊತ್ತುಕೊಂಡೇ ಹೋಗಬೇಕು. ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಆಯಿಲ್ ತಳ್ಳುವ ಪಂಪು ಎಂಜಿನ್ ನಡೆದರೆ ಮಾತ್ರ ನಡೆಯುತ್ತದೆ. ಹಗ್ಗ ಕಟ್ಟಿ ಎಳೆಸಿದರೆ ಗೇರ್‌ಬಾಕ್ಸ್ ಒಣಗಿ ಸವೆಯುತ್ತದೆ.

ಗೇರ್‌ಬಾಕ್ಸ್ ಆಯಿಲ್ ಬಗ್ಗೆ ‘ಲೈಫ್‌ಟೈಮ್, ಬದಲಿಸೋದೇ ಬೇಡ’ ಅಂತ ಯಾರಾದರೂ ಅಂದರೆ ನಗ್ರಿ. ಇಂಥ ಎಷ್ಟೋ ಗಾಡಿಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಒಳಗೆ ಬದಲಿಸಿ ಅನ್ನುತ್ತದೆ. ನಾನು 1,05,000ಕ್ಕೆ ಮಾಡಿಸಿದೆ, ತಳದ ಪ್ಯಾನ್ ಫಿಲ್ಟರ್ ಸಮೇತ 46 ಸಾವಿರ ಆಯಿತು. ನೀವು ನೋಡಿರುವ ಗಾಡಿಗೆ ಈ ಕೆಲಸ ಆಗಿದ್ದರೆ ಬಿಲ್ಲು ಕೇಳಿ. ಬಿಲ್ಲಿಲ್ಲ ಅಂದರೆ ಆಗಿಲ್ಲ ಅಂತಲೇ ತಿಳೀರಿ, ಆ ದುಡ್ಡು ರೇಟಿನಲ್ಲಿ ಮುರಕೊಳ್ರಿ.

ಇನ್ನು ಸನ್‌ರೂಫ್. ಅದರ ಮೂಲೆಗಳಿಂದ ನೀರು ಕೆಳಗೆ ಹೋಗಲು ಸಣ್ಣ ನಳಿಗೆಗಳಿರುತ್ತವೆ. ಎಂಟು ತಿಂಗಳು ಎರೆಮಣ್ಣಿನ ಧೂಳು ಅದರಲ್ಲಿ ಕೂತು, ಮೃಗಶಿರಾ ಮಳೆಯ ಮೊದಲ ನೀರಿಗೆ ಬೆಣೆ ಹೊಡೆದ ಹಾಗೆ ಮುಚ್ಚಿಕೊಳ್ಳುತ್ತದೆ. ನೀರು ಬಾಗಿಲ ಪಕ್ಕದ ಕಂಬದೊಳಗೆ ಇಳಿದು ಕಾರ್ಪೆಟ್ ಕೆಳಗೆ ಸೇರುತ್ತದೆ. ಎಲೆಕ್ಟ್ರಾನಿಕ್ ಡಬ್ಬಿಗಳನ್ನು ಅಲ್ಲೇ ಇಟ್ಟಿರುತ್ತಾರೆ ನೋಡ್ರಿ! ನನಗೆ ಬರೀ ವಾಸನೆಯಲ್ಲಿ ಮುಗಿಯಿತು. ಈಗ ಪ್ರತಿ ಮೇ ಕೊನೆಗೆ ನಾನೇ ನೈಲಾನ್ ದಾರ ಹಾಕಿ ಬಿಡಿಸುತ್ತೇನೆ, ಖರ್ಚು ಸೊನ್ನೆ.

ಹಂಗಂತ ಮಾರ್ತೀಯಾ ಅಂದರೆ ಇಲ್ಲ. ರಾತ್ರಿ ಹತ್ತಕ್ಕೆ ಹೈದರಾಬಾದ್ ಬಿಟ್ಟು ಮನೆಗೆ ಬಂದು ಇಳಿದಾಗ ಬೆನ್ನು ನೋಯುವುದಿಲ್ಲ. ಮನೆಯವರಿಗೂ ಆ ಹಿಂದಿನ ಸೀಟು ಬಿಟ್ಟರೆ ಬೇರೆ ಯಾವುದೂ ಸೇರುವುದಿಲ್ಲ.

ರಿಂಗ್ ರೋಡಿನ ಮಿಸ್ತ್ರಿ

ಸಾಹುಕಾರ್ರ, ಮ್ಯಾಲಿನವರು ಬರೆದಿದ್ದು ಎಲ್ಲಾ ಖರೇ ಅದ. ನಂದು ಎರಡ ಮಾತು.

ಒಂದು ನೀರು. ನಮ್ಮದು ಸುಣ್ಣಕಲ್ಲಿನ ನೆಲ, ಶಹಾಬಾದ್ ಕಲ್ಲು ಇದ್ದಲ್ಲಿ ಬೋರಿನ ನೀರು ಹ್ಯಾಂಗಿರ್ತದ ನಿಮಗೇ ಗೊತ್ತು, ಕೊಡದ ತಳಕ್ಕ ಬೆಳ್ಳಗ ಕೂಡ್ತದ. ಅದೇ ನೀರು ಮಂದಿ ಕೂಲಂಟಿನ ಡಬ್ಬಿಗೆ ಹಾಕ್ತಾರ. ರೇಡಿಯೇಟರಿನಾಗ ಪದರ ಕಟ್ತದ. ಈ ಗಾಡಿಯೊಳಗ ಕೂಲಂಟ್ ಡಬ್ಬಿ, ಥರ್ಮೋಸ್ಟಾಟ್ ಮನಿ, ಪೈಪಿನ ಜೋಡಣಿ ಭಾಳಷ್ಟು ಪ್ಲಾಸ್ಟಿಕ್ಕೇ. ಹತ್ತು ವರ್ಷ ಕಾದು ತಣ್ಣಗಾಗಿ ಬಿಸ್ಕಿಟ್ ಆಗಿರ್ತದ, ಕೈಯಾಗ ಹಿಡದ್ರ ಮುರೀತದ. ಹಾದಿಯೊಳಗ ಒಡೆದು ಎಂಜಿನ್ ಕಾದರ ಅದರ ಮ್ಯಾಲಿನ ಭಾಗ, ಹೆಡ್ ಅಂತೀವಲ್ಲ, ಅದು ಬಾಗ್ತದ, ಆಗ ಲೆಕ್ಕ ಸಾವಿರದಾಗ ಬರಂಗಿಲ್ಲ. ಬ್ಯಾಸಗಿ ಮುಂಚೇನೇ ಈ ಪ್ಲಾಸ್ಟಿಕ್ ಎಲ್ಲಾ ಒಮ್ಮೆಲೇ ಬದಲಿ ಮಾಡಸ್ರಿ, ಕೆಟ್ಟಾಗ ಒಂದೊಂದೇ ಮಾಡಸ್ತೀನಿ ಅನಬ್ಯಾಡ್ರಿ.

ಇನ್ನೊಂದು ಬ್ಯಾಟರಿ. ಹೋದ ವರ್ಷ ಒಬ್ಬರು ಬಂದಿದ್ರು, ಡ್ಯಾಶ್‌ಬೋರ್ಡಿನಾಗ ದೀಪಾವಳಿ! ಎಬಿಎಸ್, ಸ್ಟೀರಿಂಗ್, ಗೇರ್, ಎಲ್ಲಾ ದೀಪ ಒಟ್ಟಿಗೆ. ದೊಡ್ಡ ಊರಿನ ಒಂದು ವರ್ಕ್‌ಶಾಪಿನಾಗ 1 ಲಕ್ಷ 40 ಸಾವಿರದ ಮಾಡ್ಯೂಲ್, ಅಂದ್ರ ಹೊಸಾ ಎಲೆಕ್ಟ್ರಾನಿಕ್ ಡಬ್ಬಿ, ಬರೆದುಕೊಟ್ಟಿದ್ರಂತ. ನಾ ನೋಡಿದ್ರ ಬ್ಯಾಟರಿ ಸತ್ತಿತ್ತು, ವೋಲ್ಟೇಜ್ ಬಿದ್ರ ಎಲ್ಲಾ ಡಬ್ಬಿ ಒಟ್ಟಿಗೆ ಒದರ್ತಾವ. ಇಂಥಾ ಗಾಡಿಗೆ ಹಾಕೋ ಎಜಿಎಂ ಜಾತಿ ಹೊಸಾ ಬ್ಯಾಟರಿ ಹಾಕಿ ಕಂಪ್ಯೂಟರಿಗೆ ‘ಹೊಸಾದು ಬಂದದ’ ಅಂತ ಬರದು ಕೊಟ್ಟೆ, 27 ಸಾವಿರದಾಗ ಮುಗೀತು. ಸ್ಕ್ಯಾನರ್ ಕೋಡ್ ಹೇಳ್ತದ್ರಿ, ಕಾರಣ ಹೇಳಂಗಿಲ್ಲ. ವಾರಗಟ್ಟಲೆ ನಿಲ್ಲಿಸಿದ್ರೂ ಬ್ಯಾಟರಿ ಸಾಯ್ತದ, ಇಲಿ ವೈರ್ ತಿಂತಾವ. ಮದುವಿ ಮನಿಗೆ ಮಾತ್ರ ತೆಗೀತೀನಿ ಅನ್ನೋರು ಈ ಗಾಡಿ ತಗೋಬ್ಯಾಡ್ರಿ.

ಬೀದರ್, ಮಾರಿ ಕುಂತವರು

ನಾ ಮಾರಿದ್ದು ರೊಕ್ಕದ ಸಲುವಾಗಿ ಅಲ್ಲ. ರನ್‌ಫ್ಲ್ಯಾಟ್ ಟಯರು, ಅಂದ್ರ ಗಾಳಿ ಹೋದ್ರೂ ಸ್ವಲ್ಪ ದೂರ ಓಡೋವು, ಅದಕ್ಕ ಸ್ಟೆಪ್ನಿ ಇಲ್ಲ. ಹುಮನಾಬಾದ್ ದಾಟಿ ತಗ್ಗಿಗೆ ಬಿದ್ದು ಟಯರಿನ ಪಕ್ಕ ಹರೀತು, ಪಂಚರ್ ಅಂಗಡಿಯವ ನೋಡಿ ಕೈ ಮುಗಿದ. ಆ ಅಳತಿ ಬೀದರ್‌ದಾಗೂ ಇಲ್ಲ, ಕಲಬುರಗಿಯೊಳಗೂ ಇಲ್ಲ. ಮೂರು ದಿನ ಗಾಡಿ ಒಂದು ಧಾಬಾದ ಮುಂದ ನಿಂತಿತ್ತು, ಅವರಿಗೆ ಚಾ ಚಲೋ ಯಾಪಾರ ಆತು.

ಇನ್ಶೂರೆನ್ಸ್ ಕೆಲಸದವರು, ಕಲಬುರಗಿ

ಕಾಗದದ ಖರ್ಚು ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ. ಹೊರರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟರೆ ಇಲ್ಲಿನ ನಂಬರ್ ಮಾಡಿಸಬೇಕು, ಅದು ಮೋಟಾರು ವಾಹನ ಕಾಯ್ದೆಯ 47ನೇ ಕಲಮು. ಕೆಎ 32 ಬೇಕಂದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತಂದು ಇಲ್ಲಿ ಜೀವಾವಧಿ ತೆರಿಗೆ ಕಟ್ಟಬೇಕು. ನಮ್ಮಲ್ಲಿ 20 ಲಕ್ಷ ದಾಟಿದ ಹೊಸ ಕಾರಿಗೆ ಶೇ. 18 ಇದೆ. ಹಳೆಯದಕ್ಕೆ ವಯಸ್ಸು ನೋಡಿ ಕಡಿತ ಕೊಡುತ್ತಾರೆ, ಆದರೆ ಲೆಕ್ಕ ಶುರುವಾಗುವುದು ಗಾಡಿಯ ಮೂಲ ಬೆಲೆಯಿಂದ, ನಿಮ್ಮ ಒಂಬತ್ತೂವರೆಯಿಂದ ಅಲ್ಲ. ಮುಂಗಡ ಕೊಡುವ ಮೊದಲೇ ಆರ್‌ಟಿಒದಲ್ಲಿ ಮೊತ್ತ ಬರೆಸಿಕೊಳ್ಳಿ. 2014ರ ಆರ್‌ಸಿ 2029ಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ದಿಲ್ಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ನಿರ್ಬಂಧದ ತೊಂದರೆ ಬಂದಿದ್ದರಿಂದ ಅಲ್ಲಿನವು ಇನ್ನೂ ಅಗ್ಗಕ್ಕೆ ಬಂದಿವೆ. ಅವಕ್ಕೂ ಇದೇ ತೆರಿಗೆ.

ಕ್ಲೇಮಿನ ವಿಷಯ: ಝೀರೋ ಡೆಪ್, ಅಂದರೆ ಸವಕಳಿ ಕಡಿಯದೆ ಸಾಮಾನಿನ ಪೂರ್ತಿ ದುಡ್ಡು ಕೊಡುವ ಪಾಲಿಸಿ, ಇಷ್ಟು ಹಳೆಯ ಗಾಡಿಗೆ ಸಿಗುವುದು ಕಷ್ಟ. ಸಾದಾ ಪಾಲಿಸಿಯಲ್ಲಿ ರಬ್ಬರ್, ಪ್ಲಾಸ್ಟಿಕ್, ಟಯರ್, ಬ್ಯಾಟರಿಗೆ ಅರ್ಧ ದುಡ್ಡು ಕಡಿತವಾಗುತ್ತದೆ, ಹತ್ತು ವರ್ಷ ದಾಟಿದ ಮೇಲೆ ಲೋಹದ ಭಾಗಕ್ಕೂ ಅರ್ಧ. ತಾನಾಗಿ ಸವೆದು ಕೆಟ್ಟಿದ್ದಕ್ಕೆ ಏನೂ ಬರುವುದಿಲ್ಲ.

ಸೇಡಂ ರಸ್ತೆಯವರೇ, ಮತ್ತೆ

ಒಂದು ಮರೆತೆ. ನೋಡಲು ಹೋದರೆ ನಸುಕಿನಲ್ಲೇ ಹೋಗ್ರಿ, ‘ನಾ ಬರೋತನಕ ಸ್ಟಾರ್ಟ್ ಮಾಡಬ್ಯಾಡ್ರಿ’ ಅಂತ ಹಿಂದಿನ ರಾತ್ರಿಯೇ ಹೇಳ್ರಿ. ನಾಲ್ಕೂ ಗಾಲಿಯ ಮೇಲೆ ಬೆರಳಿಟ್ಟು ಮಡ್‌ಗಾರ್ಡಿನ ತನಕ ಅಂತರ ಅಳೀರಿ. ಕಾರ್ಪೆಟ್ ಕೆಳಗೆ ಕೈ ಹಾಕ್ರಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ ಎಂಜಿನ್ ಒಳಗಿನ ಚೈನ್ ಸದ್ದು ಬರ್ತದಾ ಕಿವಿ ಕೊಡ್ರಿ. ಜತೆಗೆ ಗಾಡಿಯ ರೇಟಲ್ಲದೆ ಇನ್ನೂ ಮೂರು ಲಕ್ಷ ಬ್ಯಾಂಕಿನಲ್ಲಿ ಮುಟ್ಟದೆ ಇಡೋಕೆ ಆಗ್ತದಾ ಅಂತ ಅಪ್ಪಾರ ಮುಂದೆ ಕೂತು ಲೆಕ್ಕ ಹಾಕ್ರಿ.

ಕೇಳಿದವರು

ಎಲ್ಲಾರಿಗೂ ಶರಣು. ನಿನ್ನಿ ಹೋಗಿದ್ದೆ, ರಾತ್ರಿ ಬಿಟ್ಟು ಮುಂಜಾನೆ ಆರಕ್ಕ ಅವರ ಮನಿ ಮುಂದ. ಗಾಡಿ ನಾಲ್ಕೂ ಕಡೆ ಸಮಾ ನಿಂತಿತ್ತು, ಮಸ್ತ್ ಹೊಳೀತಿತ್ತು. ಬಾನೆಟ್ ಮ್ಯಾಲ ಕೈ ಇಟ್ರ ಬಿಸಿ. ‘ತೊಳೀಲಿಕ್ಕ ಹೊರಗ ತೆಗೆದಿದ್ದೆವು’ ಅಂದ್ರು. ಹಂಗಾದ್ರ ನಾಳಿ ಮತ್ತ ಬರ್ತೀನಿ, ಇವತ್ತು ರಾತ್ರಿ ಇಲ್ಲೇ ಲಾಡ್ಜಿನಾಗ ಇರ್ತೀನಿ ಅಂದೆ. ಮಧ್ಯಾಹ್ನ ಅವರದೇ ಫೋನ್ ಬಂತು, ಒಂಬತ್ತೂವರೆ ಎಂಟಕ್ಕ ಇಳಿದದ, ಆದ್ರ ಇವತ್ತೇ ಒಯ್ಯಬೇಕಂತ. ಬಸ್ ಹಿಡದು ಊರಿಗೆ ಬಂದೀನಿ.