ಜಾತ್ರೆಯಲ್ಲಿ ಕುದುರೆ ಗಾಡಿ ಓಟ ಶುರು ಮಾಡಬೇಕು ಅಂತಿದ್ದೇವೆ, ಎಲ್ಲಿಂದ ಹಿಡಿಯೋದು?

ಪಾಂಡವಪುರದ ಹುಡುಗ:

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ಎತ್ತಿನ ಗಾಡಿ ಓಟ ನಿಮಗೆಲ್ಲ ಗೊತ್ತೇ ಇದೆ. ಸುಗ್ಗಿ ಮುಗಿದ ಮೇಲೆ ಒಂದಲ್ಲ ಒಂದು ಊರಲ್ಲಿ ನಡೆಯುತ್ತಲೇ ಇರುತ್ತದೆ, ಹಳ್ಳಿಕಾರ್ ಜೋಡಿ ನೋಡೋಕೆ ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ಈಗ ನಮ್ಮ ಊರು, ಅಕ್ಕಪಕ್ಕದ ಊರು ಸೇರಿ ಒಂದಷ್ಟು ಹುಡುಗರು ಕುದುರೆ ಸಾಕಿದ್ದಾರೆ. ಮದುವೆ ಮೆರವಣಿಗೆ ಸಿಕ್ಕರೆ ಸ್ವಲ್ಪ ದುಡ್ಡು, ಮಿಕ್ಕ ದಿನ ರೀಲ್ಸು, ಅಷ್ಟೇ.

ಯೂಟ್ಯೂಬ್‌ನಲ್ಲಿ ಹಾರ್ನೆಸ್ ರೇಸಿಂಗ್ ನೋಡಿದೆ. ಎರಡು ಚಕ್ರದ ಹಗುರ ಗಾಡಿ, ಹಿಂದೆ ಒಬ್ಬ ಕಾಲು ಚಾಚಿ ಕೂತಿರುತ್ತಾನೆ, ಕುದುರೆ ಹಾರದೆ ಒಂದೇ ತಾಳದಲ್ಲಿ ಓಡುತ್ತದೆ. ನೋಡಿದಾಗಿನಿಂದ ತಲೆಯಿಂದ ಹೋಗುತ್ತಿಲ್ಲ. ಇದನ್ನು ನಮ್ಮ ಹಳ್ಳಿಗಳಲ್ಲಿ ಒಂದು ಕಸುಬಾಗುವ ಹಾಗೆ ಬೆಳೆಸೋಕೆ ಆಗುತ್ತಾ? ಸುಮ್ನೆ ಶೋಕಿಗೆ ಕೇಳುತ್ತಿಲ್ಲ. ಎಂಥ ಕುದುರೆ ಬೇಕು, ಟ್ರ್ಯಾಕ್ ಹೇಗಿರಬೇಕು, ಪರವಾನಗಿ ಯಾರ ಹತ್ತಿರ, ಹೊಟ್ಟೆಪಾಡಿಗೆ ಆಗುವಷ್ಟು ದುಡ್ಡು ಎಲ್ಲಿಂದ. ಗೊತ್ತಿರುವವರು ಹೇಳಿ.

ವಿಕ್ಟೋರಿಯಾ ಕುಮಾರ:

ತಮ್ಮಾ, ಒಳ್ಳೇ ಪ್ರಶ್ನೆ. ನಾನು ಕೆ.ಆರ್. ನಗರದ ಕಡೆಯವನು, ಈಗ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿದ್ದೇನೆ. ಇಲ್ಲಿ ಬೆಂಡಿಗೊ, ಶೆಪರ್ಟನ್, ಮಿಲ್ಡುರಾ ಥರದ ಊರುಗಳಲ್ಲೆಲ್ಲ ಈ ಟ್ರ್ಯಾಕ್ ಇದೆ. ತರಬೇತಿ ಕೊಡುವವರಲ್ಲಿ ತುಂಬಾ ಜನ ಹೊಲ, ಕುರಿ ಇಟ್ಟುಕೊಂಡು ಬೆಳಿಗ್ಗೆ ಎದ್ದು ಕುದುರೆ ಓಡಿಸಿ ಆಮೇಲೆ ಬೇರೆ ಕೆಲಸಕ್ಕೆ ಹೋಗುವವರು. ಅಪ್ಪ ತರಬೇತಿ, ಮಗಳು ಗಾಡಿ ಓಡಿಸೋದು, ಇದೆಲ್ಲ ಸಾಮಾನ್ಯ.

ನೀನು ಮೊದಲು ಹಿಡಿಯಬೇಕಾದ್ದು ಕುದುರೆಯೂ ಅಲ್ಲ, ಟ್ರ್ಯಾಕೂ ಅಲ್ಲ, ನಿಯಮ. ಈ ಆಟದಲ್ಲಿ ಕುದುರೆ ನಾಗಾಲೋಟಕ್ಕೆ ಬೀಳುವಂತಿಲ್ಲ. ಟ್ರಾಟ್ ಅಂದರೆ ಮುಂದಿನ ಎಡಗಾಲು ಹಿಂದಿನ ಬಲಗಾಲು ಒಟ್ಟಿಗೆ ಎತ್ತಿಡೋದು. ಪೇಸ್ ಅಂದರೆ ಒಂದೇ ಪಕ್ಕದ ಎರಡೂ ಕಾಲು ಒಟ್ಟಿಗೆ. ನಡೆ ಮುರಿದು ಹಾರಿತು ಅಂದರೆ ಓಡಿಸುವವನು ಲಗಾಮು ಹಿಡಿದು ಪಕ್ಕಕ್ಕೆ ತಂದು ಮತ್ತೆ ನಡೆಗೆ ತರಬೇಕು, ಅಷ್ಟರಲ್ಲಿ ಮಿಕ್ಕವರು ಮುಂದೆ ಹೋಗಿರುತ್ತಾರೆ. ಹಾರಿಸಿಕೊಂಡೇ ಲಾಭ ಮಾಡಿಕೊಂಡರೆ ಹೊರಗೆ. ಹಾಗಂತ ವೇಗ ಕಮ್ಮಿ ಅಂದುಕೊಳ್ಳಬೇಡ, ಒಳ್ಳೇ ಕುದುರೆ ಗಂಟೆಗೆ 50 ಕಿ.ಮೀ. ಹತ್ತಿರ ಹೋಗುತ್ತದೆ. ಆದರೆ ಹೊಡೆದು ಬಡಿದು ಓಡಿಸಿದರೆ ನಡೆ ಮುರಿಯುತ್ತದೆ, ಹಾಗಾಗಿ ಗೆಲ್ಲೋದು ಕೈ ಹದ ಇರುವವನು. ಇನ್ನೊಂದು ಅನುಕೂಲ, ಜಾಕಿ ಥರ 50 ಕೆ.ಜಿ.ಗೆ ಇಳಿಯುವ ಗೋಳು ಇಲ್ಲ. ಭಾರ ಚಕ್ರದ ಮೇಲೆ ಇರುತ್ತದೆ, ನಮ್ಮೂರ ಗಟ್ಟಿ ಆಳುಗಳೂ ಹೆಣ್ಣುಮಕ್ಕಳೂ ಒಂದೇ ಓಟದಲ್ಲಿ ಕೂರಬಹುದು.

ಶುರು ಮಾಡುವ ರೀತಿ ನೋಡಿದರೆ ನಿನಗೆ ಖುಷಿಯಾಗುತ್ತದೆ. ಒಂದು ಕಾರಿನ ಹಿಂದೆ ಎರಡೂ ಪಕ್ಕ ಚಾಚಿದ ಉದ್ದನೆಯ ಗೇಟು ಇರುತ್ತದೆ. ಕಾರು ನಿಧಾನಕ್ಕೆ ಹೊರಡುತ್ತದೆ, ಕುದುರೆಗಳು ಗೇಟಿಗೆ ಮೂಗು ತಾಗುವಷ್ಟು ಹತ್ತಿರ ಸಾಲಾಗಿ ಹಿಂದೆ ಬರುತ್ತವೆ, ಗೆರೆ ಬಂದ ತಕ್ಷಣ ಕಾರು ಜೋರಾಗಿ ಮುಂದೆ ಹೋಗಿ ಗೇಟು ಮಡಚಿಕೊಂಡು ಪಕ್ಕಕ್ಕೆ ಸರಿಯುತ್ತದೆ. ಬೊಲೆರೊ ಪಿಕಪ್‌ಗೆ ನಮ್ಮ ವೆಲ್ಡಿಂಗ್ ಅಂಗಡಿಯವರೇ ಕಟ್ಟಿಕೊಡುತ್ತಾರೆ.

ಜಾತ್ರೆಯಲ್ಲಿ ಮಾಡೋಣ ಅಂದಿದ್ದೀಯಲ್ಲ, ಅದು ಸರಿಯಾದ ಜಾಗ. ಅಮೆರಿಕದ ಓಹಿಯೊದಲ್ಲಿ ಲಿಟಲ್ ಬ್ರೌನ್ ಜಗ್ ಅಂತ ದೊಡ್ಡ ರೇಸ್ ಇದೆ, 1946ರಿಂದ ನಡೆಯುತ್ತಿದೆ. ಅದು ನಡೆಯೋದು ಡೆಲವೇರ್ ಅನ್ನೋ ಊರಿನ ಕೌಂಟಿ ಜಾತ್ರೆಯಲ್ಲಿ, ಅರ್ಧ ಮೈಲಿ ಸುತ್ತಿನ ಟ್ರ್ಯಾಕಲ್ಲಿ. ದನ ಕುರಿ ನೋಡೋಕೆ ಬಂದವರೇ ರೇಸಿಗೂ ಜನ. ನಮ್ಮ ಚುಂಚನಕಟ್ಟೆ ಜಾತ್ರೆಗೂ ಇದಕ್ಕೂ ಏನು ವ್ಯತ್ಯಾಸ ಹೇಳು.

ಬೆಳಗಾವಿ ಮಂದಿ:

ನಮ್ಮ ಕಡೆ ಕುದುರೆ ಗಾಡಿ ಶರ್ಯತ್ತು ಮೊದಲಿಂದ ಐತ್ರಿ, ಹೊಸದೇನಲ್ಲ. ಆದರೆ ಬಹಳ ಕಡೆ ಡಾಂಬರು ರಸ್ತೆ ಮೇಲೆ ನಡೆಯುತ್ತದೆ, ಕುದುರೆ ಪೂರ್ತಿ ನಾಗಾಲೋಟದಲ್ಲಿರುತ್ತದೆ, ಎರಡೂ ಬಾಜು ಬೈಕ್‌ನವರು ಹಾರ್ನ್ ಹೊಡೆದುಕೊಂಡು ಚೀರುತ್ತಾ ಬೆನ್ನು ಹತ್ತಿರುತ್ತಾರೆ. ಕುದುರೆ ಜಾರಿದರೆ ಗಾಡಿ, ಬೈಕು, ಮಂದಿ ಎಲ್ಲ ಒಂದೇ ಗುಂಪಿ. ನೀವು ಏನಾದರೂ ಮಾಡಿ, ಬೈಕ್ ಮಾತ್ರ ಒಳಗೆ ಬಿಡಬೇಡಿ.

ಜಟಕಾ ಮನೆ, ಮೈಸೂರು:

ನಮ್ಮದು ಟಾಂಗಾ ಓಡಿಸಿದ ಮನೆ. ವಿಡಿಯೋ ನೋಡಿ ಹುರುಪು ಬರೋದು ಸಹಜ, ಆದರೆ ಕುದುರೆ ವಾರಕ್ಕೊಂದು ದಿನ ಓಡಿದರೂ ಏಳು ದಿನ ತಿನ್ನುತ್ತದೆ. ಹುರುಳಿ, ಬೂಸಾ, ಹುಲ್ಲು, ಲಾಳ, ಒಂದಕ್ಕೂ ರಜ ಇಲ್ಲ. ನಮ್ಮ ತಂದೆ ಕಾಲದಲ್ಲಿ ಸ್ಟ್ಯಾಂಡಿನ ಹತ್ತಿರವೇ ಲಾಳ ಕಟ್ಟುವವರು ಕೂರುತ್ತಿದ್ದರು, ಈಗ ಒಬ್ಬರನ್ನು ಹುಡುಕೋಕೆ ನಾಲ್ಕು ಕಡೆ ಫೋನ್ ಮಾಡಬೇಕು. ದೇಶದಲ್ಲೇ ಕುದುರೆ ಕರಗಿಹೋಗಿವೆ. 2019ರ ಜಾನುವಾರು ಗಣತಿಯಲ್ಲಿ ಸಿಕ್ಕಿದ್ದು 3.4 ಲಕ್ಷ, 2012ಕ್ಕಿಂತ ಶೇ. 45ಕ್ಕೂ ಜಾಸ್ತಿ ಕಮ್ಮಿ. ಕುದುರೆ ಹೋದ ಹಾಗೇ ಅದರ ಕೆಲಸದವರೂ ಹೋದರು. ನೀವು ಕಸುಬು ಅಂತೀರಲ್ಲ, ಗೆದ್ದವನಿಗೆ ಬೈಕು ಟಿವಿ ಕೊಟ್ಟರೆ ಕಸುಬಾಗಲ್ಲ. ಲಾಳ ಕಟ್ಟುವವನು, ಗಾಡಿ ಮಾಡುವವನು, ತೊಗಲಿನ ಸರಂಜಾಮು ಹೊಲಿಯುವವನು, ಇವರು ವರ್ಷಪೂರ್ತಿ ಬದುಕಿದರೆ ಕಸುಬು.

ಇನ್ನು ಕುದುರೆ. ರೇಸ್‌ಕೋರ್ಸಿಂದ ಹೊರಗೆ ಬಿದ್ದ ಥರೋಬ್ರೆಡ್ ಅಗ್ಗಕ್ಕೆ ಸಿಗುತ್ತೆ ಅಂತ ತಂದು ಗಾಡಿಗೆ ಕಟ್ಟಬೇಡಿ. ಅದಕ್ಕೆ ಕಲಿಸಿರೋದೇ ನಾಗಾಲೋಟ, ಹಿಂದೆ ಏನೋ ಗಡಗಡ ಅಂದರೆ ಬೆದರಿ ಕಿತ್ತುಕೊಂಡು ಹೋಗುತ್ತದೆ. ಕಾಠಿಯಾವಾಡಿ, ಮಾರವಾರಿ ಕುದುರೆಗಳಲ್ಲಿ ಕೆಲವಕ್ಕೆ ಹುಟ್ಟಿನಿಂದಲೇ ರೆವಾಲ್ ಅಂತ ಒಂದು ನಡೆ ಬರುತ್ತದೆ, ಕುಮಾರಣ್ಣ ಹೇಳಿದ ಪೇಸ್‌ಗೆ ಹತ್ತಿರದ್ದು. ಮೇಲೆ ಕೂತವನ ಕೈಲಿ ಟೀ ಲೋಟ ಇದ್ದರೂ ತುಳುಕಲ್ಲ ಅಂತ ಹಳಬರು ಹೇಳೋರು. ಅಂಥದ್ದು ಹುಡುಕಿ. ಮೊದಲು ಬರೀ ಸರಂಜಾಮು ಹಾಕಿ ಹಿಂದೆ ನಡೆದುಕೊಂಡು ಉದ್ದ ಲಗಾಮಿನಲ್ಲಿ ಓಡಾಡಿಸಿ, ಆಮೇಲೆ ಒಂದು ಟೈರು ಎಳೆಸಿ, ಶಬ್ದಕ್ಕೆ ಹೆದರೋದು ನಿಂತ ಮೇಲೆ ಗಾಡಿ. ಕಣ್ಣಪಟ್ಟಿ ಕಟ್ಟಿಬಿಟ್ಟರೆ ಆಯ್ತು ಅನ್ನುವವರ ಮಾತು ಕೇಳಬೇಡಿ.

ಮತ್ತೆ, ಓಡಿ ಮುಗಿದ ಕುದುರೆ ಎಲ್ಲಿಗೆ ಹೋಗುತ್ತದೆ? ಇದಕ್ಕೆ ಉತ್ತರ ಇಲ್ಲದೆ ಶುರು ಮಾಡಬೇಡಿ.

ದನದ ಡಾಕ್ಟ್ರಮ್ಮ:

ಜಟಕಾ ಮನೆಯವರು ಹೇಳಿದ್ದಕ್ಕೆ ನನ್ನದೂ ಎರಡು ಮಾತು. ಹತ್ತಾರು ಊರಿನ ಕುದುರೆ ಒಂದು ಕಡೆ ಸೇರಿಸುವಾಗ ದೊಡ್ಡ ಭಯ ಗ್ಲಾಂಡರ್ಸ್ ಅನ್ನೋ ಅಂಟುರೋಗ. ಮೂಗಿಂದ ಗಟ್ಟಿ ಸಿಂಬಳ, ಚರ್ಮದ ಮೇಲೆ ಗಂಟು, ಹುಣ್ಣು. ಲಸಿಕೆ ಇಲ್ಲ, ಮನುಷ್ಯರಿಗೂ ಬರುತ್ತದೆ. 2009ರ ಜಾನುವಾರು ಸಾಂಕ್ರಾಮಿಕ ರೋಗಗಳ ಕಾಯ್ದೆ ಪ್ರಕಾರ ಅನುಮಾನ ಬಂದರೂ ತಿಳಿಸಲೇಬೇಕು, ಪರೀಕ್ಷೆಯಲ್ಲಿ ಖಚಿತವಾದರೆ ಕುದುರೆಯನ್ನು ದಯಾಮರಣಕ್ಕೆ ಒಳಪಡಿಸುತ್ತಾರೆ, ಸುತ್ತಮುತ್ತ ಕುದುರೆ ಸಾಗಿಸೋದು ನಿಲ್ಲುತ್ತದೆ. ಹಾಗಾಗಿ ರಕ್ತಪರೀಕ್ಷೆ ವರದಿ ಇಲ್ಲದ ಕುದುರೆ ಬಂದರೆ ಎಷ್ಟೇ ದೊಡ್ಡವರದಾದರೂ ಗೇಟಿಂದಲೇ ವಾಪಸ್ ಕಳಿಸಿ. ಒಂದೇ ತೊಟ್ಟಿಯಲ್ಲಿ ಎಲ್ಲ ಕುದುರೆಗೂ ನೀರು ಕುಡಿಸಬೇಡಿ, ಅವರವರ ಬಕೆಟ್ ಅವರೇ ತರಲಿ. ಧನುರ್ವಾಯು ಚುಚ್ಚುಮದ್ದು ಮರೆಯಬೇಡಿ, ಕುದುರೆಗೆ ಅದು ಬಹಳ ಬೇಗ ತಗಲುತ್ತದೆ.

ನಮ್ಮ ಮಂಡ್ಯ ಕಡೆಯವರಿಗೆ ಒಂದು ಕಿವಿಮಾತು. ಕಬ್ಬಿನ ಗರಿ ಬಿಟ್ಟಿ ಸಿಗುತ್ತೆ ಅಂತ ಅದನ್ನೇ ತುಂಬಬೇಡಿ, ಎತ್ತಿನ ಹೊಟ್ಟೆ ಬೇರೆ ಕುದುರೆ ಹೊಟ್ಟೆ ಬೇರೆ. ಕುದುರೆ ಮೆಲುಕು ಹಾಕಲ್ಲ, ವಾಂತಿಯೂ ಮಾಡಲಾರದು, ಹೊಟ್ಟೆ ಶೂಲೆ ಬಂದರೆ ರಾತ್ರಿಯೊಳಗೆ ಕೈ ತಪ್ಪಿಹೋಗುತ್ತದೆ. ಮಾರ್ಚ್ ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಓಡಿಸಬೇಡಿ. ಓಟ ಮುಗಿದ ತಕ್ಷಣ ಕಟ್ಟಿಹಾಕಿ ಸೆಲ್ಫಿಗೆ ನಿಲ್ಲಿಸೋದು ಬಿಟ್ಟು, ಮೈಮೇಲೆ ನೀರು ಹಾಕಿ, ಉಸಿರು ಇಳಿಯೋವರೆಗೂ ನಡೆಸಿ.

ಕೋರ್ಟು ಕಚೇರಿ:

ಕಾನೂನಿನ ಬಗ್ಗೆ ಯಾರೂ ಹೇಳಲಿಲ್ಲ. ಎತ್ತಿನ ಗಾಡಿ ಓಟ ನಡೀತಿದೆಯಲ್ಲ, ಕುದುರೆಗೂ ಅದೇ ಅನುಮತಿ ಸಾಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಗಾಡಿ ಓಟ ನಿಲ್ಲಿಸಿದ ಮೇಲೆ ನಮ್ಮ ರಾಜ್ಯ 2017ರಲ್ಲಿ ತಿದ್ದುಪಡಿ ತಂದು ಕಂಬಳಕ್ಕೂ ಎತ್ತಿನ ಓಟಕ್ಕೂ ವಿನಾಯಿತಿ ಕೊಟ್ಟಿತು, 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಆ ವಿನಾಯಿತಿಯಲ್ಲಿ ಕುದುರೆ ಇಲ್ಲ. ಕುದುರೆಗೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪೂರ್ತಿ ಅನ್ವಯ. ಹೊಡೆದರೆ, ಗಾಯ ಇರುವ ಕುದುರೆಯನ್ನು ಗಾಡಿಗೆ ಕಟ್ಟಿದರೆ, ಏನಾದರೂ ಕುಡಿಸಿ ಓಡಿಸಿದರೆ ಕೇಸು. ಜಿಲ್ಲಾಧಿಕಾರಿ, ಪಶುಪಾಲನಾ ಇಲಾಖೆ, ಪೊಲೀಸ್, ಮೂರೂ ಕಡೆ ಮೊದಲೇ ಅರ್ಜಿ ಹಾಕಿ, ಪ್ರದರ್ಶನಕ್ಕೆ ಬಳಸುವ ಪ್ರಾಣಿಗಳ ನೋಂದಣಿ ನಿಯಮದ ಬಗ್ಗೆಯೂ ಲಿಖಿತವಾಗಿ ಕೇಳಿಕೊಳ್ಳಿ. ಬಾಯಿಮಾತಲ್ಲಿ 'ಮಾಡ್ಕಳಿ ಬುಡಿ' ಅಂದಿದ್ದು ನಾಳೆ ನಿಮ್ಮ ಜೊತೆ ನಿಲ್ಲಲ್ಲ.

ಸೋಮವಾರದ ಗಿರಾಕಿ:

ಎಲ್ಲ ಸರಿ ಗುರು, ಬೆಟ್ಟಿಂಗ್ ಇಲ್ಲದೆ ಯಾವ ದೇಶದಲ್ಲೂ ಈ ಆಟ ಬದುಕಿಲ್ಲ. ನಮ್ಮ ಮೈಸೂರ ರೇಸ್‌ಕೋರ್ಸ್ ನೋಡಿ, ಜನ ಬರೋದು ಕುದುರೆ ಬಾಲ ನೋಡೋಕಾ? ಲೈಸೆನ್ಸ್ ತಗೊಂಡು ಟಿಕೆಟ್ ಮಾರಿ, ದುಡ್ಡು ತಾನಾಗೇ ಬರುತ್ತೆ.

ಕೋರ್ಟು ಕಚೇರಿ:

ರೇಸ್‌ಕೋರ್ಸ್ ಲೈಸೆನ್ಸ್ 1952ರ ಕಾಯ್ದೆಯಲ್ಲಿ ಬರುತ್ತದೆ, ಹಳ್ಳಿ ಸಮಿತಿಗೆ ಅದು ಸಿಗೋ ಮಾತಲ್ಲ. ಕುದುರೆ ರೇಸ್ ಕೌಶಲದ ಆಟ ಅಂತ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ ನಿಜ, ಅದನ್ನೇ ಹಿಡಿದುಕೊಂಡು ಗದ್ದೆ ಬದುವಿನ ಮೇಲೆ ಪಣ ಕಟ್ಟಿಸಿದರೆ ಪೊಲೀಸರು ಕೇಳಲ್ಲ. ತೆರಿಗೆ ಬೇರೆ. ಪಣದ ಪೂರ್ತಿ ಮೊತ್ತದ ಮೇಲೆ 2023ರ ಅಕ್ಟೋಬರ್‌ನಿಂದ ಶೇ. 28 ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್‌ನಲ್ಲಿ ಶೇ. 40 ಆಯಿತು. ದೊಡ್ಡ ಕ್ಲಬ್‌ಗಳೇ ಏದುಸಿರು ಬಿಡುತ್ತಿವೆ.

ವಿಕ್ಟೋರಿಯಾ ಕುಮಾರ:

ಗಿರಾಕಿ ಅವರ ಮಾತು ಪೂರ್ತಿ ಸುಳ್ಳಲ್ಲ. ಸ್ವೀಡನ್‌ನಲ್ಲಿ 1974ರಲ್ಲಿ ಎಟಿಜಿ ಅಂತ ಬೆಟ್ಟಿಂಗ್ ಕಂಪನಿ ಮಾಡಿದರು, ಅದು ಕುದುರೆ ಓಟದ ಸಂಘಗಳದ್ದೇ, ಲಾಭ ವಾಪಸ್ ಟ್ರ್ಯಾಕಿಗೇ ಬರುತ್ತದೆ. ಅಲ್ಲಿ ಆಟ ಗಟ್ಟಿಯಾಗಿದೆ. ಆದರೆ ಕೆನಡಾದ ಒಂಟಾರಿಯೊ ನೋಡಿ. ಟ್ರ್ಯಾಕುಗಳಲ್ಲಿ ಜೂಜಿನ ಯಂತ್ರ ಇಟ್ಟು ಅದರ ಪಾಲಲ್ಲಿ ಬಹುಮಾನ ಕೊಡುತ್ತಿದ್ದರು, 2012ರಲ್ಲಿ ಸರ್ಕಾರ ಆ ಯೋಜನೆ ನಿಲ್ಲಿಸುತ್ತೇವೆ ಅಂದಿದ್ದೇ ತಡ, ಹಳ್ಳಿಗಳಲ್ಲಿ ಮರಿ ಮಾಡಿಸುತ್ತಿದ್ದವರು ಕುದುರೆ ಮಾರಿಕೊಂಡು ಮನೆಗೆ ಹೋದರು. ಬೇರೆಯವರ ಜೇಬಿಂದ ಬರುವ ದುಡ್ಡು ಒಂದು ಸಹಿಗೆ ನಿಂತುಹೋಗುತ್ತದೆ. ನನ್ನ ಕೇಳಿದರೆ ಪ್ರವೇಶ ಶುಲ್ಕ, ಊರಿನ ಪ್ರಾಯೋಜಕರು, ಗಾಡಿ ಓಡಿಸೋದು ಕಲಿಸುವ ಶಾಲೆ, ಇದರಲ್ಲೇ ಎಷ್ಟು ಬರುತ್ತೋ ಅಷ್ಟೇ ದೊಡ್ಡದಾಗಿ ಮಾಡಿ. ಬಹುಮಾನವನ್ನು ಮೊದಲನೆಯವನಿಗೇ ಸುರಿಯಬೇಡಿ, ಐದನೆಯವನಿಗೂ ಮೇವಿನ ಖರ್ಚು ಬರಲಿ.

ಓಡಿ ಮುಗಿದ ಕುದುರೆ ಬಗ್ಗೆ ಜಟಕಾ ಮನೆಯವರು ಕೇಳಿದ್ದಾರೆ. ಅಮೆರಿಕದಲ್ಲಿ ಆಮಿಷ್ ಅಂತ ಹಳೇ ಪದ್ಧತಿ ಬಿಡದ ಒಂದು ಕ್ರೈಸ್ತ ಪಂಗಡ ಇದೆ, ಅವರು ಕಾರು ಇಟ್ಟುಕೊಳ್ಳಲ್ಲ, ಟ್ರ್ಯಾಕಿಂದ ಬಂದ ಸ್ಟ್ಯಾಂಡರ್ಡ್‌ಬ್ರೆಡ್ (ಅಲ್ಲಿ ಈ ಗಾಡಿ ಓಟಕ್ಕೆ ಬಳಸುವ ತಳಿ) ಕುದುರೆಯನ್ನು ಕೊಂಡು ತಮ್ಮ ಗಾಡಿಗೆ ಕಟ್ಟುತ್ತಾರೆ. ಗಾಡಿಗೆ ಪಳಗಿದ ಕುದುರೆಗೆ ಎರಡನೇ ಬದುಕು ಸಿಗೋದು ಸುಲಭ. ಮೈಸೂರಲ್ಲಿ ಪ್ರವಾಸಿಗರ ಟಾಂಗಾ, ಸಾರೋಟು ಇನ್ನೂ ಇದೆಯಲ್ಲ.

ತಳಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಒಂದು ಪುಸ್ತಕ ಇಡಿ. 1879ರಲ್ಲಿ ಅಮೆರಿಕದವರು ಆ ಸ್ಟ್ಯಾಂಡರ್ಡ್‌ಬ್ರೆಡ್ ತಳಿಯ ಪಟ್ಟಿಗೆ ಕುದುರೆ ಸೇರಿಸೋಕೆ ಇಟ್ಟ ಮುಖ್ಯ ಅಳತೆ, ಮೈಲಿಗೆ ಎರಡೂವರೆ ನಿಮಿಷ. ನೀವು ಸಾವಿರ ಮೀಟರಿಗೆ ಒಂದು ಟೈಮ್ ಇಟ್ಟುಕೊಳ್ಳಿ. ಯಾವ ಕುದುರೆ, ಯಾರ ಮರಿ, ನಡೆ ಮುರಿಯದೆ ಎಷ್ಟರಲ್ಲಿ ಮುಗಿಸಿತು, ಪ್ರತಿ ಸಲ ಬರೆದಿಡಿ. ಒಂದಷ್ಟು ವರ್ಷ ಕಳೆದರೆ ಯಾವ ಹೆಣ್ಣು ಕುದುರೆ ಮರಿಗೆ ಬೆಲೆ ಅಂತ ಪುಸ್ತಕವೇ ಹೇಳುತ್ತದೆ, ರೈತನಿಗೆ ನಿಜವಾದ ದುಡ್ಡು ಬರೋದು ಅಲ್ಲಿಂದ.

ಪಾಂಡವಪುರದ ಹುಡುಗ:

ಎಲ್ಲರಿಗೂ ಥ್ಯಾಂಕ್ಸ್. ಬೆಟ್ಟಿಂಗ್ ಬೇಡ ಅಂತ ಹುಡುಗರೆಲ್ಲ ಒಪ್ಪಿದ್ದಾರೆ, ಗಿರಾಕಿ ಅಣ್ಣ ಬೇಜಾರು ಮಾಡಿಕೊಳ್ಳಬೇಡಿ. ಟ್ರ್ಯಾಕ್ ಲೆಕ್ಕ ಹಾಕಿದೆ, 800 ಮೀಟರ್ ಸುತ್ತು ಬೇಕು ಅಂದರೆ 12-13 ಎಕರೆ ಜಾಗ ಹಿಡಿಯುತ್ತದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರಾವರಿ ಬಯಲಲ್ಲಿ ಅಷ್ಟು ಗದ್ದೆ ಯಾರು ಬಿಡುತ್ತಾರೆ, ಗೋಮಾಳ ಮುಟ್ಟಿದರೆ ದನ ಮೇಯಿಸುವವರ ಜಗಳ. ನಾಗಮಂಗಲದ ಕಡೆ ಒಣಭೂಮಿ ಸಿಗಬಹುದು. ಅಲ್ಲಿಯವರೆಗೆ ಎತ್ತಿನ ಓಟದ ನೇರ ಹಾದಿಯಲ್ಲೇ ಎರಡೆರಡು ಗಾಡಿ ಬಿಟ್ಟು ಟೈಮ್ ನೋಡಿದರೆ ಆಗುತ್ತಾ?

ಜಟಕಾ ಮನೆ, ಮೈಸೂರು:

ಆಗುತ್ತೆ. ಗೆರೆ ದಾಟಿದ ಮೇಲೆ ನಿಧಾನ ಮಾಡೋಕೆ ಓಡಿದಷ್ಟೇ ಉದ್ದ ಜಾಗ ಬಿಡಿ, ಎದುರಿಗೆ ಜನ ನಿಲ್ಲಬಾರದು. ಗಾಡಿಗೆ ಸೈಕಲ್ ಚಕ್ರ ಹಾಕಬೇಡಿ, ತಿರುವಲ್ಲಿ ಮಡಚಿಕೊಳ್ಳುತ್ತದೆ. ಮೊಪೆಡ್ ಚಕ್ರ ಹಾಕಿ, ಭಾರ ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ. ಲಾಳ ಕಟ್ಟೋದು ಕಲಿಯೋಕೆ ನಿಮ್ಮಲ್ಲಿ ಇಬ್ಬರು ಹುಡುಗರು ತಯಾರಿದ್ದರೆ ಹೇಳಿ, ನಮ್ಮ ಮಾವನಿಗೆ ವಯಸ್ಸಾಗಿದೆ, ಆದರೆ ಕೈ ಇನ್ನೂ ನಡೆಯುತ್ತದೆ. ಭಾನುವಾರ ಬೆಳಿಗ್ಗೆ ಬಂದರೆ ಮನೆಯಲ್ಲೇ ಸಿಗುತ್ತಾರೆ.