ಬೇಸಿಗೆ ಶಿಬಿರದಲ್ಲಿ ಲೈಫ್‌ಗಾರ್ಡ್ ಕೆಲಸ, ಜೊತೆಗೆ ಈಜು ಕಲಿಸೋದು: ಮಾಡಿದವರು ಹೇಳಿ

ಕೇಳಿದ್ದು

ನಾನು ಬಿ.ಪಿ.ಎಡ್ (ದೈಹಿಕ ಶಿಕ್ಷಣ ಪದವಿ) ಓದುತ್ತಿದ್ದೇನೆ, ಊರು ಮೈಸೂರು. ಕಾಲೇಜಿನಿಂದ ಈಜು ಸ್ಪರ್ಧೆಗೆ ಹೋಗಿದ್ದೇನೆ, ಅಷ್ಟೇ. ಏಪ್ರಿಲ್ ಮಧ್ಯದಿಂದ ಮೇ ಕೊನೆವರೆಗೆ ಒಂದು ಮಕ್ಕಳ ಬೇಸಿಗೆ ಶಿಬಿರದಲ್ಲಿ ‘ಲೈಫ್‌ಗಾರ್ಡ್ ಕಮ್ ಕೋಚ್’ ಅಂತ ಕೆಲಸ ಸಿಕ್ಕಿದೆ. 5ರಿಂದ 12 ವರ್ಷದ ಮಕ್ಕಳು. ಒಂದು ಬ್ಯಾಚಿಗೆ 20 ಜನ, ಮುಕ್ಕಾಲು ಗಂಟೆ, ದಿನಕ್ಕೆ ನಾಲ್ಕು ಬ್ಯಾಚ್. ಮಕ್ಕಳಿಗೆ ಕಲಿಸಿ ಗೊತ್ತಿಲ್ಲ. ಏನೇನು ತಿಳಿದಿರಬೇಕು, ಮೊದಲ ದಿನ ಏನು ಮಾಡಬೇಕು, ದಯವಿಟ್ಟು ಹೇಳಿ.

ಬೆಂಗಳೂರಿನಿಂದ, ಆರು ಬೇಸಿಗೆ ಈ ಕೆಲಸ ಮಾಡಿದವನು

ತಂಗಿ, ಮೊದಲು ಆ ‘ಕಮ್’ ಅನ್ನೋ ಪದದ ಬಗ್ಗೆ ಮಾತಾಡೋಣ. ಕಲಿಸುವಾಗ ನಿಮ್ಮ ಕಣ್ಣು ಒಂದು ಮಗುವಿನ ಮೇಲಿರುತ್ತದೆ. ಲೈಫ್‌ಗಾರ್ಡ್ ಕಣ್ಣು ಇಪ್ಪತ್ತೂ ಮಕ್ಕಳ ಮೇಲಿರಬೇಕು. ಇರೋದು ಒಂದೇ ಜೊತೆ ಕಣ್ಣು.

ನನಗೆ ಇದು ಗೊತ್ತಾಗಿದ್ದು ಎರಡನೇ ವರ್ಷ. ಒಬ್ಬಳು ಆರು ವರ್ಷದ ಹುಡುಗಿಯ ಹೊಟ್ಟೆ ಕೆಳಗೆ ಕೈ ಕೊಟ್ಟು ಕಾಲು ಬಡಿಯೋದು ಹೇಳಿಕೊಡುತ್ತಿದ್ದೆ. ಅವಳಿಗೆ ಅವತ್ತೇ ಮೊದಲ ಸಲ ಸರಿಯಾಗಿ ಬರುತ್ತಿತ್ತು, ನನಗೂ ಖುಷಿ, ಅವಳನ್ನು ಬಿಟ್ಟು ಬೇರೆ ಏನೂ ಕಾಣುತ್ತಿರಲಿಲ್ಲ. ಹಿಂದೆ ಬೆಂಚಿನ ಮೇಲೆ ಕೂತಿದ್ದ ಯಾರದೋ ಅಜ್ಜಿ ‘ಅಯ್ಯೋ ಆ ಮಗು ನೋಡಪ್ಪಾ’ ಅಂತ ಕೂಗಿದರು. ತಿರುಗಿ ನೋಡಿದರೆ ನನ್ನಿಂದ ಎರಡು ಹೆಜ್ಜೆ ದೂರದಲ್ಲಿ ಒಬ್ಬ ಹುಡುಗ ಅಂಗಾತ ಬಿದ್ದು, ನೆಲ ಸಿಗದೆ, ಬಾಯಿ ನೀರಿನ ಮೇಲೆ ಕೆಳಗೆ ಆಡಿಸುತ್ತಿದ್ದ. ನೀರು ಮೂರೂವರೆ ಅಡಿ. ಹುಡುಗ ನಾಲ್ಕು ಅಡಿ ಇದ್ದ. ಎದ್ದು ನಿಂತಿದ್ದರೆ ಮುಗಿದು ಹೋಗುತ್ತಿತ್ತು, ಆದರೆ ನಿಲ್ಲೋದು ಹೇಗೆ ಅಂತ ನಾನು ಅವನಿಗೆ ಹೇಳಿಕೊಟ್ಟೇ ಇರಲಿಲ್ಲ. ಎತ್ತಿದೆ, ಕೆಮ್ಮಿದ, ಅತ್ತ, ಸರಿಹೋದ. ನನಗೆ ಮಾತ್ರ ಆ ರಾತ್ರಿ ಊಟ ಸೇರಲಿಲ್ಲ.

ಅವನು ಒಂದು ಸದ್ದೂ ಮಾಡಿರಲಿಲ್ಲ, ನೋಡಿ. ಸಿನಿಮಾದಲ್ಲಿ ‘ಕಾಪಾಡಿ’ ಅಂತ ಕೈ ಬೀಸುತ್ತಾರಲ್ಲ, ಅದು ಸುಳ್ಳು. ಮುಳುಗುವ ಮಗುವಿಗೆ ಉಸಿರಿಗೇ ಸಮಯ ಸಿಗೋದಿಲ್ಲ, ಇನ್ನು ಕೂಗೋದೆಲ್ಲಿ? ಮೈ ನೆಟ್ಟಗಿರುತ್ತದೆ, ತಲೆ ಹಿಂದಕ್ಕೆ ವಾಲಿರುತ್ತದೆ, ಕೈ ಎರಡೂ ಪಕ್ಕದಲ್ಲಿ ನೀರನ್ನು ಕೆಳಗೆ ಒತ್ತುತ್ತಿರುತ್ತವೆ, ಕಾಲು ಆಡುವುದಿಲ್ಲ. ನೋಡಿದವರು ಆಟ ಆಡ್ತಿದೆ ಅಂದುಕೊಳ್ಳುತ್ತಾರೆ. ಇದನ್ನು ವಿವರವಾಗಿ ಬರೆದವನು ಫ್ರಾನ್ಸೆಸ್ಕೊ ಪಿಯಾ ಅನ್ನೋ ಅಮೆರಿಕದ ಲೈಫ್‌ಗಾರ್ಡ್. ಹೀಗೆ ಒದ್ದಾಡೋದು 20ರಿಂದ 60 ಸೆಕೆಂಡ್ ಅಂತ ಅವನ ಲೆಕ್ಕ. ಲೈಫ್‌ಗಾರ್ಡ್ ಇದ್ದೂ ಮಕ್ಕಳು ಯಾಕೆ ಮುಳುಗುತ್ತಾರೆ ಅನ್ನೋದಕ್ಕೂ ಅವನು ಮೂರು ಕಾರಣ ಕೊಟ್ಟಿದ್ದಾನೆ: ಮುಳುಗುತ್ತಿದೆ ಅಂತ ಗೊತ್ತಾಗದೆ ಇರೋದು, ಕಾವಲಿನ ಮಧ್ಯೆ ಬೇರೆ ಕೆಲಸ ಹಚ್ಚೋದು, ಗಮನ ತಪ್ಪೋದು. ನಿಮ್ಮ ಕೆಲಸದ ಹೆಸರಿನಲ್ಲೇ ಎರಡನೆಯದು ಇದೆ. ಸೇರುವ ಮೊದಲೇ ಕೇಳಿ, ನಾನು ನೀರಲ್ಲಿ ಇರುವಾಗ ದಡದಲ್ಲಿ ಯಾರು ಇರುತ್ತಾರೆ ಅಂತ.

ದಾವಣಗೆರೆಯಿಂದ

ಮೇಲಿನವರು ಹೇಳಿದ್ದು ಸರಿ, ಆದರೆ ಹೇಳೋದು ಸುಲಭ. ನನ್ನ ಶಿಬಿರದ ಯಜಮಾನರು ‘ಒಬ್ಬರಿಗೆ ಸಂಬಳ ಕೊಡೋದೇ ಕಷ್ಟ, ಇನ್ನೊಬ್ಬರಾ’ ಅಂದರು. ನನಗೂ ಕೆಲಸ ಬೇಕಿತ್ತು, ಬಿಡಲಿಲ್ಲ. ಏನು ಮಾಡಿದೆ ಅಂದರೆ, ಬ್ಯಾಚನ್ನು ಎರಡು ಮಾಡಿದೆ. ಹತ್ತು ಮಕ್ಕಳು ದಡದಲ್ಲಿ ಕೂತು ಕಾಲು ಬಡಿಯೋದು, ಹತ್ತು ಮಕ್ಕಳು ನೀರಲ್ಲಿ. ಹತ್ತು ನಿಮಿಷಕ್ಕೆ ಅದಲುಬದಲು. ನೀರಲ್ಲಿರುವ ಹತ್ತೂ ಮಕ್ಕಳು ಗೋಡೆ ಹಿಡಿದೇ ಇರಬೇಕು, ಒಬ್ಬೊಬ್ಬರೇ ನನ್ನ ಹತ್ತಿರ ಬರಬೇಕು. ನಾನು ಗೋಡೆಗೆ ಬೆನ್ನು ಹಾಕುವ ಹಾಗೇ ಇಲ್ಲ. ದಿನಕ್ಕೊಬ್ಬ ತಾಯಿಗೆ ಸೀಟಿ ಕೊಟ್ಟು ‘ಫೋನ್ ಚೀಲದಲ್ಲಿಡಿ, ಸುಮ್ನೆ ತಲೆ ಎಣಿಸ್ತಾ ಇರಿ’ ಅಂತ ಕೂರಿಸುತ್ತಿದ್ದೆ.

ಮತ್ತೆ ಬೆಂಗಳೂರಿನಿಂದ

ತಾಯಿ ಎಣಿಸೋದು ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ, ನನ್ನನ್ನು ಉಳಿಸಿದ್ದೂ ಒಬ್ಬ ಅಜ್ಜಿಯೇ. ಆದರೆ ಆಕೆಗೆ ನೀರಿಗೆ ಇಳಿಯೋಕೆ ಬರಲ್ಲ ಅಲ್ವಾ. ಸೀಟಿಯ ಜೊತೆ ಒಂದು ಉದ್ದ ಬಿದಿರು ಗಳ, ಹಗ್ಗ ಕಟ್ಟಿದ ರಿಂಗ್ ಎರಡೂ ಅವರ ಕೈಗೆ ಸಿಗುವ ಹಾಗಿಡಿ. ಮೊದಲು ಗಳ ಚಾಚೋದು, ಆಮೇಲೆ ರಿಂಗ್ ಎಸೆಯೋದು. ಈಜು ಬರದವರು ನೀರಿಗೆ ಹಾರಿದರೆ ನೀವು ಇಬ್ಬರನ್ನು ಎತ್ತಬೇಕಾಗುತ್ತದೆ.

ಮೈಸೂರಿನಿಂದ, ಚಿಕ್ಕ ಮಕ್ಕಳಿಗೆ ಮಾತ್ರ ಕಲಿಸುವವಳು

ನಾನು ಕಲಿಸುವ ಭಾಗ ಹೇಳುತ್ತೇನೆ. ಮೊದಲ ಎರಡು ದಿನ ಕೈ ಬೀಸೋದು, ಫ್ರೀಸ್ಟೈಲ್, ಏನೂ ಬೇಡ. ದಡದಿಂದ ಹುಷಾರಾಗಿ ಇಳಿಯೋದು, ಗೋಡೆ ಹಿಡಿದು ಏಡಿ ಥರ ಪಕ್ಕಕ್ಕೆ ನಡೆಯೋದು, ಮುಖ ನೀರಿಗೆ ಹಾಕಿ ಗುಳ್ಳೆ ಬಿಡೋದು. ಮೂಗಿಗೆ ನೀರು ಹೋಗುತ್ತೆ ಅಂತ ಅಳುವ ಮಗುವಿಗೆ ‘ನೀರೊಳಗೆ ಹುಂ ಅಂತ ರಾಗ ಎಳಿ’ ಅನ್ನಿ. ಹುಂ ಅನ್ನುವಾಗ ಮೂಗಿನಿಂದ ಗಾಳಿ ತಾನಾಗಿ ಹೊರಗೆ ಬರುತ್ತದೆ, ನೀರು ಒಳಗೆ ನುಗ್ಗೋದಿಲ್ಲ. ಆಮೇಲೆ ತೇಲೋದು. ನಾನು ‘ಕಾವಲಿ ಮೇಲೆ ದೋಸೆ ಥರ ಮಲಗು’ ಅನ್ನುತ್ತೇನೆ, ತಿರುಗಿ ಮಲಗೋಕೆ ‘ದೋಸೆ ಮಗುಚು’. ಮತ್ತೆ, ಬೆಂಗಳೂರಿನ ಅಣ್ಣ ಹೇಳಿದ ಆ ಎದ್ದು ನಿಲ್ಲೋದು. ಮಂಡಿ ಎದೆಗೆ ತಂದುಕೋ, ಕೈಯಿಂದ ನೀರು ಕೆಳಗೆ ಒತ್ತು, ತಲೆ ಎತ್ತು, ಕಾಲು ಊರು. ಅಂಗಾತ ಇದ್ದರೂ ಬೋರಲು ಇದ್ದರೂ ಇದು ಬರಬೇಕು. ಇದು ಬರುವ ತನಕ ನಾನು ಯಾವ ಮಗುವನ್ನೂ ಗೋಡೆಯಿಂದ ಬಿಡೋದಿಲ್ಲ, ತಂದೆ ತಾಯಿ ಏನೇ ಅಂದುಕೊಳ್ಳಲಿ.

ಅಂದುಕೊಳ್ಳುತ್ತಾರೆ ಬಿಡಿ. ‘ನಮ್ಮನ್ನೆಲ್ಲ ಬಾವಿಗೆ ಎತ್ತಿ ಹಾಕಿದ್ರು ಮಿಸ್, ತಾನಾಗೇ ಬಂತು, ಇವನನ್ನೂ ತಳ್ಳಿ’ ಅನ್ನುವ ಅಪ್ಪಂದಿರು ಪ್ರತಿ ಬ್ಯಾಚಲ್ಲೂ ಒಬ್ಬರಾದರೂ ಸಿಗುತ್ತಾರೆ. ನಾನೂ ಬಾವಿಯಲ್ಲೇ ಕಲಿತವಳು. ನಮ್ಮ ಮಾವ ಬೆನ್ನಿಗೆ ಒಣ ಸೋರೆ ಬುರುಡೆ ಕಟ್ಟಿ ಇಳಿಸುತ್ತಿದ್ದರು. ಸೊಂಟಕ್ಕೆ ಹಗ್ಗ ಇರುತ್ತಿತ್ತು, ಅದರ ಇನ್ನೊಂದು ತುದಿ ಮಾವನ ಕೈಯಲ್ಲಿ. ಎಲ್ಲರಿಗೂ ತಳ್ಳಿದ್ದು ನೆನಪಿದೆ, ಹಗ್ಗ ಮರೆತುಹೋಗಿದೆ. ಹೆದರಿದ ಮಗುವಿಗೆ ಸಮಯ ಕೊಡಿ. ಈಜುಗಾರ್ತಿ ನಿಶಾ ಮಿಲೆಟ್ ಚಿಕ್ಕವರಿದ್ದಾಗ ಮುಳುಗುವುದರಲ್ಲಿದ್ದರು, ಆ ಹೆದರಿಕೆ ಹೋಗಲಿ ಅಂತಲೇ ಅವರ ತಂದೆ ಈಜು ಕಲಿಸಿದ್ದು, ಆಮೇಲೆ 2000ದ ಸಿಡ್ನಿ ಒಲಿಂಪಿಕ್ಸ್‌ವರೆಗೆ ಹೋದರು. ಪೋಷಕರಿಗೆ ನಾನು ಇದನ್ನೇ ಹೇಳಿ ಬಾಯಿ ಮುಚ್ಚಿಸೋದು.

‘15 ದಿನದಲ್ಲಿ ಈಜು ಗ್ಯಾರಂಟಿ’ ಅಂತ ಶಿಬಿರದವರು ಬೋರ್ಡ್ ಹಾಕಿದ್ದರೆ ನೀವು ಮೊದಲ ದಿನವೇ ಪೋಷಕರಿಗೆ ನಿಜ ಹೇಳಿಬಿಡಿ. ಅಷ್ಟು ದಿನದಲ್ಲಿ ಹೆಚ್ಚಿನ ಮಕ್ಕಳು ತೇಲುತ್ತಾರೆ, ಗೋಡೆ ಒದ್ದು ಬಾಣದ ಥರ ಜಾರುತ್ತಾರೆ, ಕಿಕ್‌ಬೋರ್ಡ್ (ತೇಲುವ ಹಲಗೆ) ಹಿಡಿದು ಪೂಲಿನ ಅಡ್ಡಕ್ಕೆ ಹೋಗುತ್ತಾರೆ. ಅದರ ಮೇಲೆ ಬಂದರೆ ಲಾಭ. ‘ನನ್ನ ಮಗನಿಗೆ ಈಜು ಬರುತ್ತೆ’ ಅಂತ ಅವರು ಆಮೇಲೆ ಕೆರೆಗೋ ಕಾಲುವೆಗೋ ಬಿಟ್ಟರೆ ಕಷ್ಟ.

ಇನ್ನು ಕೆಲವು ಚಿಲ್ಲರೆ ವಿಷಯ. ಬೆಳಗ್ಗೆ ಏಳರ ಬ್ಯಾಚಿನಲ್ಲಿ ಸಣ್ಣ ಮಕ್ಕಳ ತುಟಿ ನೀಲಿಯಾಗುತ್ತೆ, ಆಗ ಹೊರಗೆ ಕರೆದು ಟವೆಲ್ ಸುತ್ತಿ, ‘ಇನ್ನೈದು ನಿಮಿಷ ಮಿಸ್’ ಅಂದರೂ ಬೇಡ. ಹೊಟ್ಟೆ ತುಂಬ ಪೂರಿ ತಿಂದು ಬಂದ ಮಗು ನೀರಲ್ಲೇ ವಾಂತಿ ಮಾಡುತ್ತೆ, ಪೂಲ್ ಖಾಲಿ ಮಾಡಿಸಬೇಕಾಗುತ್ತೆ. ಹಿಡಿಯುವ ಮೊದಲು ‘ಈಗ ಬೆನ್ನಿಗೆ ಕೈ ಕೊಡ್ತೀನಿ’ ಅಂತ ಹೇಳಿಯೇ ಹಿಡಿಯಿರಿ. ಬಟ್ಟೆ ಬದಲಿಸುವ ಕೋಣೆಗೆ ಒಂದು ಮಗುವಿನ ಜೊತೆ ಒಬ್ಬರೇ ಹೋಗಬೇಡಿ, ಆಯಾ ಅಥವಾ ತಾಯಿ ಇರಲಿ. ಇದು ಮಗುವಿಗೂ ಒಳ್ಳೆಯದು, ನಿಮಗೂ.

ಅಮೆರಿಕದ ನ್ಯೂಜೆರ್ಸಿಯಿಂದ

ನನ್ನ ಮಗ ಕಳೆದ ವರ್ಷ ಪೆನ್ಸಿಲ್ವೇನಿಯಾದ ಪೊಕೊನೊ ಬೆಟ್ಟದ ಕಡೆ ಒಂದು ಶಿಬಿರದಲ್ಲಿ ಲೈಫ್‌ಗಾರ್ಡ್ ಆಗಿದ್ದ. ಅಲ್ಲಿ ಪೂಲ್ ಅಲ್ಲ, ಕೆರೆ. ಒಂದಾಳು ಆಳದಲ್ಲಿ ಏನೂ ಕಾಣೋದಿಲ್ಲ. ಹಾಗಾಗಿ ಎಣಿಕೆಯೇ ಅವರಿಗೆ ದೇವರು. ಬಂದ ದಿನವೇ ಎಲ್ಲ ಮಕ್ಕಳಿಗೂ ಈಜು ಪರೀಕ್ಷೆ, ಬರುವವರಿಗೆ ಒಂದು ಬಣ್ಣದ ಪಟ್ಟಿ, ಬರದವರಿಗೆ ಇನ್ನೊಂದು. ಪ್ರತಿ ಮಗುವಿಗೂ ಒಬ್ಬ ಜೊತೆಗಾರ. ಹತ್ತು ನಿಮಿಷಕ್ಕೊಮ್ಮೆ ಸೀಟಿ ಊದುತ್ತಾರೆ, ಜೋಡಿಗಳು ಕೈ ಕೈ ಹಿಡಿದು ಮೇಲೆತ್ತಬೇಕು, ಎಣಿಸುತ್ತಾರೆ. ನೀರಿಗೆ ಇಳಿಯುವಾಗ ಬೋರ್ಡಿಗೆ ಹೆಸರಿನ ಬಿಲ್ಲೆ ಹಾಕಬೇಕು, ಎದ್ದಾಗ ತೆಗೆಯಬೇಕು.

ಒಂದು ದಿನ ಒಬ್ಬ ಹುಡುಗ ಬಿಲ್ಲೆ ತೆಗೆಯದೆ ಹೋಗಿಬಿಟ್ಟ. ಸೀಟಿ, ಎಲ್ಲರೂ ನೀರಿನಿಂದ ಹೊರಗೆ, ಲೈಫ್‌ಗಾರ್ಡ್‌ಗಳು ಕೈಗೆ ಕೈ ಕೋದು ಸಾಲಾಗಿ ಎದೆಮಟ್ಟದ ನೀರಲ್ಲಿ ಕಾಲಿನಿಂದ ತಡಕಾಡುತ್ತಾ ನಡೆದರಂತೆ. ನಾಲ್ಕು ನಿಮಿಷ. ಹುಡುಗ ಊಟದ ಕೋಣೆಯಲ್ಲಿ ಐಸ್‌ಕ್ರೀಮ್ ತಿನ್ನುತ್ತಿದ್ದ. ನನ್ನ ಮಗ ಫೋನ್ ಮಾಡಿ ‘ಅಪ್ಪಾ, ಆ ನಾಲ್ಕು ನಿಮಿಷ ನನ್ನ ಕಾಲಿಗೆ ಏನು ತಾಗಿದರೂ ಅವನೇ ಅನ್ನಿಸ್ತಿತ್ತು’ ಅಂದ. 17 ವರ್ಷದ ಹುಡುಗ.

ದಾವಣಗೆರೆಯಿಂದ

ಬಿಲ್ಲೆ ಬೋರ್ಡ್ ನಮ್ಮಲ್ಲೂ ಇದೆ ಸ್ವಾಮಿ, ಚಪ್ಪಲಿ ಅಂತ! ದಡದ ಪಕ್ಕ ಸೀಮೆಸುಣ್ಣದಲ್ಲಿ 1ರಿಂದ 20 ಚೌಕ ಬರೆಯುತ್ತೇನೆ, ಒಬ್ಬೊಬ್ಬರದು ಒಂದು ಚೌಕ. ಚಪ್ಪಲಿ ಇದ್ದರೆ ಮಗು ನೀರಲ್ಲಿ. ಬಾತ್‌ರೂಮಿಗೆ ಹೋದರೂ ಹಾಕಿಕೊಂಡೇ ಹೋಗಬೇಕು. ಚಪ್ಪಲಿ ಎಣಿಸು, ತಲೆ ಎಣಿಸು, ಎರಡೂ ಒಂದೇ ಬರಬೇಕು.

ಹುಬ್ಬಳ್ಳಿಯಿಂದ, ನರ್ಸ್

ಈಜು ನನ್ನ ವಿಷಯ ಅಲ್ಲ, ಆದರೆ ಇದನ್ನು ಹೇಳಲೇಬೇಕು. ಮುಳುಗಿದ ಮಗುವನ್ನು ತಲೆಕೆಳಗೆ ಹಿಡಿದು ತಿರುಗಿಸೋದು, ಹೊಟ್ಟೆ ಒತ್ತಿ ನೀರು ತೆಗೆಯೋದು, ಎರಡೂ ಮಾಡಬಾರದು. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ, ಸಮಯವೂ ಹಾಳು. ಮುಳುಗಿದವರಿಗೆ ಬೇಕಾದ್ದು ಗಾಳಿ. ಉಸಿರಿಲ್ಲದಿದ್ದರೆ ಮೊದಲು ಬಾಯಿಂದ ಉಸಿರು ಕೊಟ್ಟು (ಕೆಲವು ತರಬೇತಿಯಲ್ಲಿ 2, ಕೆಲವದರಲ್ಲಿ 5 ಅಂತ ಹೇಳಿಕೊಡುತ್ತಾರೆ), ಆಮೇಲೆ 30 ಸಲ ಎದೆ ಒತ್ತಿ 2 ಉಸಿರು, ಹೀಗೆ ಮುಂದುವರಿಸಬೇಕು. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ವಾಂತಿ ಬಂದರೆ ಪಕ್ಕಕ್ಕೆ ಹೊರಳಿಸಿ. ಇದನ್ನು ಓದಿ ಕಲಿಯೋಕಾಗಲ್ಲ, ಗೊಂಬೆ ಮೇಲೆ ಕೈಯಾರೆ ಮಾಡಬೇಕು. ರಾಷ್ಟ್ರೀಯ ಲೈಫ್ ಸೇವಿಂಗ್ ಸೊಸೈಟಿ ಲೈಫ್‌ಗಾರ್ಡ್ ತರಬೇತಿ ಕೊಡುತ್ತದೆ, ರೆಡ್‌ಕ್ರಾಸ್, ಸೇಂಟ್ ಜಾನ್ ಪ್ರಥಮ ಚಿಕಿತ್ಸೆ ತರಗತಿಗಳಿವೆ. ಏಪ್ರಿಲ್ ಒಳಗೆ ಒಂದಾದರೂ ಮುಗಿಸಿ.

ಮತ್ತೆ, ನೀರು ಕುಡಿದು ಎದ್ದ ಮಗು ಕೆಮ್ಮುತ್ತಲೇ ಇದ್ದರೆ, ಏದುಸಿರು ಬಿಟ್ಟರೆ, ಮಂಕಾದರೆ ಆಸ್ಪತ್ರೆಗೆ ಕಳಿಸಿ. ‘ಅಪ್ಪ ಅಮ್ಮನಿಗೆ ಹೇಳಬೇಡಿ, ಶಿಬಿರದ ಹೆಸರು ಹಾಳಾಗುತ್ತೆ’ ಅಂತ ಮೇಲಿನವರು ಅಂದರೂ ನೀವು ಹೇಳಿ.

ಉಡುಪಿಯಿಂದ, ಪೂಲ್ ನಿರ್ವಹಣೆಯಲ್ಲಿದ್ದವನು

ಬೆಳಗ್ಗೆ ಹೋದ ಕೂಡಲೇ ಆಳದ ಕಡೆ ನಿಂತು, ನೀರು ಹೊರಹೋಗುವ ತಳದ ಜಾಲರಿ ಸ್ಪಷ್ಟವಾಗಿ ಕಾಣುತ್ತದಾ ನೋಡಿ. ಕಾಣದಿದ್ದರೆ ಮಕ್ಕಳನ್ನು ಇಳಿಸಬೇಡಿ, ಯಾಕೆಂದರೆ ತಳಕ್ಕೆ ಹೋದ ಮಗುವೂ ಕಾಣೋದಿಲ್ಲ. ಜಾಲರಿ ಮುರಿದಿದ್ದರೂ ಬೇಡ, ಉದ್ದ ಕೂದಲು ಒಳಗೆ ಎಳೆದುಕೊಳ್ಳುತ್ತೆ. ಕ್ಲೋರಿನ್ 1ರಿಂದ 3 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ ಇಷ್ಟು ಭಾಗ), ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 7.2ರಿಂದ 7.8 ಇರಬೇಕು, ಕಿಟ್ ತರಿಸಿ ಎದುರಿಗೇ ನೋಡಿ. ಘಾಟು ಜಾಸ್ತಿ ಇದ್ದರೆ ‘ಕ್ಲೋರಿನ್ ಚೆನ್ನಾಗಿ ಹಾಕಿದ್ದಾರೆ’ ಅಂತ ಖುಷಿಪಡಬೇಡಿ, ಆ ಘಾಟು ಬರೋದು ಕ್ಲೋರಿನ್ನು ಬೆವರು, ಉಚ್ಚೆ ಜೊತೆ ಸೇರಿದಾಗ.

ಏಪ್ರಿಲ್ ಮೇ ಅಂದರೆ ಮಧ್ಯಾಹ್ನದ ಮೇಲೆ ಗುಡುಗು ಮಳೆ. ಮೊದಲ ಗುಡುಗಿಗೇ ಎಲ್ಲರೂ ಹೊರಗೆ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆದಮೇಲೆ ಒಳಗೆ.

ಕೇಳಿದವಳು

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಹೋಗಿ ಕೇಳಿದೆ. ಮೊದಲು ‘ಅಷ್ಟೆಲ್ಲ ಯಾಕಮ್ಮ, ಮೂರಡಿ ನೀರು’ ಅಂದರು. ಬೆಂಗಳೂರಿನ ಅಣ್ಣನ ಕಥೆ ಹೇಳಿದೆ. ಕೊನೆಗೆ ಬ್ಯಾಚಿಗೆ 14 ಮಕ್ಕಳು, ಜೊತೆಗೆ ನನ್ನ ಹಾಸ್ಟೆಲ್ ಗೆಳತಿ ದಡದಲ್ಲಿ, ಅವಳಿಗೆ ಅರ್ಧ ಸಂಬಳ ಅಂತ ಒಪ್ಪಿದ್ದಾರೆ. ಅವಳೂ ಈಜುತ್ತಾಳೆ. ಇಬ್ಬರೂ ಬ್ಯಾಚ್ ಬಿಟ್ಟು ಬ್ಯಾಚ್ ಜಾಗ ಬದಲಿಸುತ್ತೇವೆ. ಗಳ ಇರಲಿಲ್ಲ, ತರಿಸುತ್ತಾರಂತೆ, ಇಲ್ಲದಿದ್ದರೆ ನಾನೇ ತರುತ್ತೇನೆ.

ಇನ್ನೊಂದು ಕೇಳಬೇಕಿತ್ತು. ತೋಳಿಗೆ ಹಾಕುವ ಗಾಳಿ ಪಟ್ಟಿ ಕೊಟ್ಟು ಕಳಿಸುತ್ತಾರಲ್ಲ, ಅದನ್ನು ಬಿಡಿಸೋದು ಹೇಗೆ?

ಮೈಸೂರಿನಿಂದ

ಒಂದೇ ದಿನ ಬಿಡಿಸಬೇಡಿ, ಅಳುತ್ತವೆ. ಅದು ಮಗುವನ್ನು ನೆಟ್ಟಗೆ ನಿಲ್ಲಿಸುತ್ತೆ, ನಮಗೆ ಬೇಕಾದ್ದು ಮಲಗೋದು. ಕೊನೆಯ ಹತ್ತು ನಿಮಿಷ ಮಾತ್ರ ತೆಗೆಸಿ, ನಿಮ್ಮ ಕೈ ಮೇಲೆ ದೋಸೆ ಹಾಕಿ. ನಾಲ್ಕನೇ ದಿನ ಅವೇ ಮನೆಯಲ್ಲಿ ಮರೆತು ಬರುತ್ತವೆ. ನೀವು ಸರಸ್ವತಿಪುರದ ಕಡೆಯಿದ್ದರೆ ತಿಳಿಸಿ, ಶನಿವಾರ ನನ್ನ ಬ್ಯಾಚಿಗೆ ಬಂದು ನೋಡಬಹುದು.