ಅಪ್‌ಡೇಟ್: ಬಟ್ಟೆ ಡೈಪರ್ ಸೋರುವುದು ನಿಂತಿತು

ಎರಡು ತಿಂಗಳ ಹಿಂದೆ ಕೇಳಿದ್ದೆ: ಮಗಳಿಗೆ ಮೂರು ತಿಂಗಳು, ಬಟ್ಟೆ ಡೈಪರ್ ಹಾಕಿದ ಅರ್ಧ ಗಂಟೆಗೇ ಸೋರುತ್ತದೆ, ಏನು ಮಾಡಲಿ ಅಂತ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಪ್ಪು ಒಗೆಯುವ, ಹಾಕುವ ರೀತಿಯಲ್ಲಿದೆ ಅಂತ ನೀವು ಹೇಳಿದ್ದೇ ಸರಿ.

ಹೊಸ ಇನ್ಸರ್ಟನ್ನು (ಡೈಪರ್ ಒಳಗಿಡುವ, ಒದ್ದೆ ಹೀರುವ ಹತ್ತಿ ಪ್ಯಾಡ್) ಒಂದೇ ಸಲ ಒಗೆದು ಬಳಸಿದ್ದೆ. ಹತ್ತಿಯಲ್ಲಿ ಸಹಜವಾಗಿಯೇ ಎಣ್ಣೆ ಪಸೆ ಇರುತ್ತದಂತೆ. ಐದಾರು ಸಲ ಒಗೆದ ಮೇಲೆ ಬಟ್ಟೆ ಉಬ್ಬಿ, ನೀರು ಬಿದ್ದ ಕೂಡಲೇ ಹೀರಿತು. ಘಮಘಮ ಇರಲಿ ಅಂತ ಹಾಕುತ್ತಿದ್ದ ಕಂಡೀಷನರನ್ನೂ ಬಿಟ್ಟೆ, ಅದು ಬಟ್ಟೆಗೆ ಜಿಡ್ಡಿನ ಪದರ ಕಟ್ಟುತ್ತದೆ.

ಆದರೆ ದೊಡ್ಡ ತಪ್ಪು ಎಲಾಸ್ಟಿಕ್‌ನದು. ನಾನು ಅದನ್ನು ತೊಡೆಯ ಮೇಲೆ ಕೂರಿಸುತ್ತಿದ್ದೆ. ಅದು ತೊಡೆಸಂದಿನ ಮಡಿಕೆಯೊಳಗೆ, ಚಡ್ಡಿಯ ಗೆರೆ ಬರುವ ಜಾಗದಲ್ಲಿ ಕೂರಬೇಕು. ಹಾಕಿದ ಮೇಲೆ ಸುತ್ತ ಬೆರಳಾಡಿಸಿ ನೋಡುತ್ತೇನೆ. ಇನ್ಸರ್ಟ್‌ನ ಅಂಚು ಒಂದು ಚೂರು ಹೊರಗಿಣುಕಿದರೂ ಫ್ರಾಕ್ ಒದ್ದೆ!

ಈಗ ಎರಡು ಮೂರು ಗಂಟೆಗೊಮ್ಮೆ ಬದಲಿಸುತ್ತೇನೆ. ರಾತ್ರಿಗೆ ಎರಡು ಇನ್ಸರ್ಟ್.

ಉಳಿದದ್ದು ಮಳೆ. ನಮ್ಮದು ಮಲೆನಾಡಿನ ಸಾಗರ ಊರಿನ ಹತ್ತಿರ, ಜುಲೈನಲ್ಲಿ ದಪ್ಪ ಇನ್ಸರ್ಟ್ ಎರಡು ದಿನವಾದರೂ ಒಣಗುವುದಿಲ್ಲ. ಅತ್ತೆ ತಮ್ಮ ಹಳೆಯ ಕಾಟನ್ ಸೀರೆ ಹರಿದು ಚೌಕ ಮಾಡಿಕೊಟ್ಟರು. ಮಡಚಿ ಡೈಪರ್‌ನ ಹೊರ ಕವರ್ ಒಳಗೆ ಇಟ್ಟರೆ ಸಾಕು, ಒಗೆದಾಗ ಬಿಡಿಸಿ ಹರವಿದರೆ ಬಚ್ಚಲ ಒಲೆಯ ಬಿಸಿಗೆ ಬೆಳಗಾಗುವುದರೊಳಗೆ ಗರಿಗರಿ. ಕವರನ್ನು ಮಾತ್ರ ಒಲೆಯ ಹತ್ತಿರ ಒಣಗಿಸಬೇಡಿ, ಒಳಗಿನ ಪ್ಲಾಸ್ಟಿಕ್ ಪದರ ಹಾಳಾಗುತ್ತದೆ. ಹೊಸದಾಗಿ ಶುರುಮಾಡುವವರು ಇಪ್ಪತ್ತು ಡೈಪರ್ ಒಟ್ಟಿಗೆ ಕೊಳ್ಳಬೇಡಿ, ಮೊದಲು ಎರಡು ತಂದು ನೋಡಿ.